ಮುಳ್ಳು ಸೊನ್ನೆಗೆ ಬಂದ ಮೇಲೆ

ನಮ್ಮ ವರಾಂಡದ ಬೀಮಿನಲ್ಲಿ ಕೂದಲೆಳೆಯಂಥ ಬಿರುಕೊಂದು ಕಾಣಿಸಿಕೊಂಡು ಬಹಳ ವರ್ಷಗಳು ಸಂದಿದ್ದವು. ಶಿವಮೊಗ್ಗದ ಈ ಮನೆಯನ್ನು ನಾವು ಕಟ್ಟಿಸಿದ್ದು 1991ರಲ್ಲಿ. ಪ್ರತಿ ದೀಪಾವಳಿಗೆ ಸುಣ್ಣಬಣ್ಣ ಬಳಿಸುವಾಗ ಆ ಗೆರೆಯ ಮೇಲೆ ಒಂದಿಷ್ಟು ಬಿಳಿ ಸಿಮೆಂಟು ತಿಕ್ಕಿಸಿ, ತಪ್ಪು ಉತ್ತರದ ಮೇಲೆ ಶಾಯಿ ಚೆಲ್ಲಿ ಮುಚ್ಚಿಡುವ ಹುಡುಗರಂತೆ ನಾನೂ ಅದನ್ನು ಮುಚ್ಚಿಡುತ್ತ ಬಂದಿದ್ದೆ. ಸಿಮೆಂಟು ಉದುರಿದ ಮೇಲೆ ಗೆರೆ ಮತ್ತೆ ಮೂಡುತ್ತಿತ್ತು. ಕೊನೆಗೆ 2017ರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೇಳಿ ಕಳುಹಿಸಿದೆ. ಹಳೆಯ ಕಟ್ಟಡಗಳ ಬಿರುಕಿಗೆ ಎಪಾಕ್ಸಿ ತುಂಬುವ ಕೆಲಸ ಅವನದು. ಹೆಸರು ಬರೆಯಬೇಡಿ ಎಂದು ಕೇಳಿಕೊಂಡಿರುವುದರಿಂದ ಬರೆಯುವುದಿಲ್ಲ. ಅವನ ಓರಗೆಯವರಿಗೆ ಯಾರೆಂದು ತಾನಾಗಿಯೇ ತಿಳಿದೀತು.

ತರಗತಿಯಲ್ಲಿ ಅವನು ಕಡೆಯ ಬೆಂಚಿನವನು. ಪ್ಯಾಸ್ಕಲನ ನಿಯಮವನ್ನು ಹತ್ತು ಸಲ ಬರೆಸಿದರೂ ಪರೀಕ್ಷೆಯಲ್ಲಿ ಬರೆಯದೆ ಬಿಟ್ಟವನು. ಬಂದವನ ಎಡಗಣ್ಣಿನ ಮೇಲೆ ಬಿಳಿಯ ಪೊರೆಯಂಥದೊಂದು ಕಲೆಯಿತ್ತು. ಅದನ್ನು ಕಂಡೂ ಕೇಳಲು ನನಗೆ ಬಾಯಿ ಬರಲಿಲ್ಲ.

ಅವನು ಆ ದಿನ ಕೆಲಸ ಆರಂಭಿಸಲೇ ಇಲ್ಲ. ತೆಳುವಾದ ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿ, ಎರಡೂ ತುದಿಗಳನ್ನು ಗಾರೆಯಿಂದ ಬಂಧಿಸಿ ಕೂರಿಸಿ, “ಒಂದು ಮಳೆಗಾಲ ಕಳೆಯಲಿ ಸಾರ್” ಎಂದು ಹೊರಟುಹೋದ. ಬಿರುಕು ಇನ್ನೂ ಚಲಿಸುತ್ತಿದ್ದರೆ ಗಾಜು ಸೀಳುತ್ತದೆ. ಚಲಿಸುವ ಬಿರುಕಿಗೆ ಗಟ್ಟಿಯಾದ ಎಪಾಕ್ಸಿ ತುಂಬಿದರೆ, ತುಂಬಿದ ಜಾಗ ಭದ್ರವಾಗಿ ನಿಂತು ಪಕ್ಕದಲ್ಲಿ ಹೊಸ ಬಿರುಕು ಹುಟ್ಟುತ್ತದೆ. ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದು ಅದು ಉಬ್ಬಿದ್ದರಿಂದ ಬಿರುಕು ಬಂದಿದ್ದರಂತೂ ಎಪಾಕ್ಸಿ ಮದ್ದೇ ಅಲ್ಲ, ರೋಗವನ್ನು ಒಳಗಿಟ್ಟು ಹೊಲಿಗೆ ಹಾಕಿದಂತೆ. ನೀರು ಜಿನುಗುವ ಬಿರುಕಿಗೆ ಬೇಕಾದದ್ದು ನೀರಿನೊಡನೆ ಕೂಡಿ ನೊರೆಯಾಗಿ ಉಬ್ಬುವ ಪಾಲಿಯುರೆಥೇನ್. ಇಷ್ಟನ್ನೂ ಅವನು ನನಗೆ ಬಿಡಿಸಿ ಹೇಳಿದ. ಮಳೆಗಾಲ ಮುಗಿದರೂ ಗಾಜು ಅಖಂಡವಾಗಿತ್ತು. ಎಂಜಿನಿಯರೊಬ್ಬರು ಬಂದು ನೋಡಿ ತುಕ್ಕಿಲ್ಲವೆಂದೂ ಹೇಳಿಹೋದರು.

2018ರ ಏಪ್ರಿಲ್‌ನಲ್ಲಿ ಅವನು ಸಹಾಯಕ ಹುಡುಗನೊಬ್ಬನ ಜೊತೆ ಬಂದ. ಒಳಗಿನ ಕಂಬಿಗಳೆಲ್ಲಿವೆಯೆಂದು ಉಪಕರಣವೊಂದರಿಂದ ಗುರುತಿಸಿಕೊಂಡು, ಅವುಗಳನ್ನು ತಪ್ಪಿಸಿ, ಬಿರುಕಿನ ಎಡಬಲಗಳಲ್ಲಿ ಒಂದು ಬಿಟ್ಟು ಒಂದರಂತೆ ಓರೆಯಾಗಿ ರಂಧ್ರ ಕೊರೆದರು. ರಂಧ್ರವು ಕಾಂಕ್ರೀಟಿನ ನಡುವೆ ಬಿರುಕನ್ನು ಸಂಧಿಸಬೇಕು, ಅದಕ್ಕಾಗಿ ಆ ಓರೆ. ದೂಳನ್ನು ಊದಿ ತೆಗೆದು ಪ್ಯಾಕರ್ ಎಂಬ ಲೋಹದ ಮೊಳೆಯಂಥ ಕೊಳವೆಗಳನ್ನು ಬಿಗಿದರು. ಅದರ ತಲೆಯಲ್ಲಿ ಒಳಹೋದದ್ದು ಹಿಂದಿರುಗದಂತೆ ತಡೆಯುವ ಕವಾಟವಿರುತ್ತದೆ. ಬಿರುಕಿನ ಬಾಯಿಗೆ ಮೇಲಿನಿಂದ ಎಪಾಕ್ಸಿ ಪುಟ್ಟಿ ಬಳಿದು ಮಾರನೆಯ ದಿನದವರೆಗೆ ಬಿಟ್ಟರು.

ಯಂತ್ರವೇನೋ ನೋಡಲು ಸಾಧಾರಣ. ಮೇಲೊಂದು ಆಲಿಕೆಯಂಥ ಪಾತ್ರೆ, ಕೆಳಗೆ ವಿದ್ಯುತ್ತಿನಿಂದ ನಡೆಯುವ ಪಂಪು, ಒತ್ತಡ ತೋರಿಸುವ ಗೇಜು, ಉದ್ದನೆಯ ಹೋಸ್ ಪೈಪು. ಆದರೆ ಅದು 200 ಬಾರ್‌ವರೆಗೂ ಒತ್ತಡ ಕೊಡಬಲ್ಲದೆಂದು ಕೇಳಿ ನನ್ನೊಳಗಿನ ಮೇಷ್ಟ್ರು ಎಚ್ಚೆತ್ತ. ಕಾರಿನ ಚಕ್ರದಲ್ಲಿರುವುದು ಸುಮಾರು 2 ಬಾರ್. ಮುಳ್ಳಯ್ಯನಗಿರಿಯ ನೆತ್ತಿಯಿಂದ ಸಮುದ್ರಮಟ್ಟದವರೆಗೆ ಕೊಳವೆಯೊಂದನ್ನು ನೆಟ್ಟಗೆ ನಿಲ್ಲಿಸಿ ನೀರು ತುಂಬಿದರೆ ಅದರ ತಳದಲ್ಲಿ ಎಷ್ಟು ಒತ್ತಡವೋ ಹೆಚ್ಚುಕಡಿಮೆ ಅಷ್ಟು! “ಅಷ್ಟೆಲ್ಲ ಬಳಸೋದಿಲ್ಲ ಸಾರ್. ಸಣ್ಣ ಬಿರುಕಿಗೆ ಬೇಕಾದದ್ದು ಒತ್ತಡ ಅಲ್ಲ, ತಾಳ್ಮೆ. ಅವಸರ ಮಾಡಿದರೆ ಕಾಂಕ್ರೀಟಿನ ಚಕ್ಕೆಯೇ ಎದ್ದುಬರುತ್ತೆ, ಇಲ್ಲ ಪ್ಯಾಕರ್ ಗುಂಡಿನ ಹಾಗೆ ಹಾರುತ್ತೆ” ಎಂದ. ಆದುದರಿಂದ ಯಾರೂ ಪ್ಯಾಕರಿನ ನೇರಕ್ಕೆ ಮುಖವೊಡ್ಡಿ ನಿಲ್ಲುವಂತಿರಲಿಲ್ಲ.

ಎಪಾಕ್ಸಿ ಎಂದರೆ ನಿಮ್ಮೆಲ್ಲರ ಮನೆಯಲ್ಲಿರುವ ಅರಾಲ್ಡೈಟಿನ ಅಣ್ಣತಮ್ಮನೇ. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಹಾರ್ಡ್‌ನರ್. ತಯಾರಕರು ಹೇಳಿದ ಪ್ರಮಾಣದಲ್ಲಿ ತೂಗಿ ಬೆರೆಸಿದ ಕ್ಷಣದಿಂದ ಗಡಿಯಾರ ಓಡತೊಡಗುತ್ತದೆ. ಅವನು ಸ್ವಲ್ಪಸ್ವಲ್ಪವೇ ಬೆರೆಸುತ್ತಿದ್ದುದನ್ನು ಕಂಡು, ಒಮ್ಮೆಗೇ ಬೆರೆಸಿದರೆ ಹೊತ್ತು ಉಳಿದೀತಲ್ಲ ಎಂದು ನಾನು ಸಲಹೆ ಕೊಟ್ಟೆ. ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನ ಸಲಹೆ! ಉಷ್ಣ ಬಿಡುಗಡೆಯಾಗುವ ಕ್ರಿಯೆಯೆಂದು ಬೋರ್ಡಿನ ಮೇಲೆ ಎಷ್ಟು ಬಾರಿ ಬರೆದಿದ್ದೇನೋ. ಹೆಚ್ಚು ರಾಶಿ ಒಂದೆಡೆ ಇದ್ದರೆ ಶಾಖ ಹೊರಹೋಗಲಾರದೆ ಕ್ರಿಯೆ ಇನ್ನಷ್ಟು ಚುರುಕಾಗಿ, ಪಾತ್ರೆಯಲ್ಲೇ ಹೊಗೆಯೆದ್ದು ಕಲ್ಲಾಗುತ್ತದೆ. ಅವನು ವಾದಿಸಲಿಲ್ಲ, ನಕ್ಕು ಸುಮ್ಮನಾದ.

ಕೆಳಗಿನ ಪ್ಯಾಕರಿನಿಂದ ತೊಡಗಿ, ಮುಂದಿನದರಲ್ಲಿ ರಾಳ ಇಣುಕಿದಾಗ ಅಲ್ಲಿಗೆ ಹೋಸನ್ನು ಬದಲಿಸುತ್ತ ಮಧ್ಯಾಹ್ನದವರೆಗೆ ಕೆಲಸ ಸಾಗಿತು. ಒಂದು ಗಂಟೆಯ ಹೊತ್ತಿಗೆ ಪುಟ್ಟಿ ಸಾಲದೆ ಅವನು ಪೇಟೆಗೆ ಹೋದ. ನಮ್ಮ ಮನೆಯವಳು ಎಲೆ ಹಾಕಿಯಾಗಿತ್ತು. ಆ ಹುಡುಗನನ್ನು ನಾನು ಕರೆದೆ. “ಇದೊಂದು ಪ್ಯಾಕರ್ ಮುಗಿಸಿ, ಮಷೀನು ತೊಳೆದು ಬರ್ತೀನಿ” ಎಂದ. “ಅನ್ನ ಆರುತ್ತದಪ್ಪಾ, ಮಷೀನು ಎಲ್ಲಿಗೂ ಓಡಿಹೋಗುವುದಿಲ್ಲ, ಬಾ” ಎಂದೆ. ಯಜಮಾನನ ಮೇಷ್ಟ್ರು ಎರಡನೆಯ ಬಾರಿ ಕರೆದ ಮೇಲೆ ಅವನು ಹೇಗೆ ಒಲ್ಲೆನೆಂದಾನು? ಪಂಪು ನಿಲ್ಲಿಸಿ, ಒತ್ತಡವನ್ನು ಇಳಿಸದೆಯೇ ಕೈತೊಳೆದು ಬಂದ. ಸಾರು, ಪಲ್ಯ, ಹಪ್ಪಳ, ಮಜ್ಜಿಗೆ ಎಂದು ನಾನೇ ಬಲವಂತ ಮಾಡಿ ಬಡಿಸಿದೆ. ಅರ್ಧ ಗಂಟೆಯಾದರೂ ಆಗಿರಬೇಕು.

ಹೊರಗೆ ಹೋಸಿನ ಒಂದು ಭಾಗ ಮೆಟ್ಟಿಲ ಮೇಲೆ ಉರಿಬಿಸಿಲಿನಲ್ಲಿ ಬಿದ್ದಿತ್ತು. ಹುಡುಗ ಪಂಪು ಚಾಲೂ ಮಾಡುತ್ತಲೇ ಗೇಜಿನ ಮುಳ್ಳು ಸರ್ರನೆ ಏರಿತು. ಅವನು ತಟ್ಟನೆ ನಿಲ್ಲಿಸಿ, ಕಲಿಸಿಕೊಟ್ಟಿದ್ದಂತೆ ಒತ್ತಡ ಇಳಿಸುವ ಕವಾಟ ತೆರೆದ. ಮುಳ್ಳು ಸೊನ್ನೆಗೆ ಬಂತು. ಇನ್ನೇನು ಭಯವೆಂದು ಏಣಿ ಹತ್ತಿ, ಪ್ಯಾಕರಿಗೆ ಕಚ್ಚಿದ್ದ ಹೋಸಿನ ತುದಿಗೆ ಸ್ಪ್ಯಾನರ್ ಹಾಕಿದ. ಗಾಗಲ್ಲು ಊಟಕ್ಕೆ ಬಂದಾಗ ತೆಗೆದಿಟ್ಟದ್ದು ನಮ್ಮ ಕಿಟಕಿಯ ಮೇಲೆಯೇ ಇತ್ತು. ನಾನು ಏಣಿ ಹಿಡಿದು ಕೆಳಗೆ ನಿಂತು, ಸಹಾಯ ಮಾಡುತ್ತಿದ್ದೇನೆಂದು ಭಾವಿಸಿದ್ದೆ.

“ಕೈ ಬಿಡೋ!”

ಗೇಟಿನ ಬಳಿಯಿಂದ ಬಂದ ಆ ಕೂಗಿಗೆ ಬೀದಿಯ ನಾಯಿಗಳೂ ಬೊಗಳಿದವು. ಹುಡುಗ ಸ್ಪ್ಯಾನರ್ ಕೆಳಗೆ ಹಾಕಿದ. ಅವನನ್ನು ಇಳಿಸಿ, ನನ್ನ ಕಡೆ ತಿರುಗಿ, “ನೀವು ಒಳಗೆ ಹೋಗಿ ಸಾರ್. ಬಾಗಿಲು ಹಾಕ್ಕೊಳ್ಳಿ” ಎಂದ. ವಿದ್ಯಾರ್ಥಿಗಳಾರೂ ನನಗೆ ಆ ಧ್ವನಿಯಲ್ಲಿ ಹೇಳಿದ್ದಿಲ್ಲ. ನಾನು ಹೋದೆ.

ಕಿಟಕಿಯಿಂದ ನೋಡಿದೆ. ಮುಖವನ್ನು ಪೂರ್ತಿ ಮುಚ್ಚುವ ಪಾರದರ್ಶಕ ಕವಚ, ದಪ್ಪ ಕೈಗವಸು, ತುಂಬುತೋಳಿನ ಅಂಗಿ. ಯಂತ್ರದ ಪ್ಲಗ್ಗನ್ನು ಗೋಡೆಯಿಂದಲೇ ಕಿತ್ತ. ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಜೋಡಣೆಯ ಸುತ್ತ ಬಿಗಿದು, ಪಕ್ಕಕ್ಕೆ ನಿಂತು, ಮುಖ ತಿರುಗಿಸಿ, ಸ್ಪ್ಯಾನರನ್ನು ಕಾಲು ಸುತ್ತು ಮಾತ್ರ ತಿರುಗಿಸಿದ. ಹಾವು ಬುಸುಗುಟ್ಟಿದಂಥ ಸದ್ದು. ಗೋಣಿಯ ಒಂದು ಮಗ್ಗುಲು ಉಬ್ಬಿ, ಜೇನಿನ ಬಣ್ಣದ ದ್ರವ ತೊಟ್ಟಿಕ್ಕಿತು. ಸದ್ದಡಗಿದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದ.

ಆಮೇಲೆ ಹೋಸನ್ನು ಬಗ್ಗಿಸಿ ತೋರಿಸಿದ. ಬಿಸಿಲಿನಲ್ಲಿದ್ದ ಗೇಣುದ್ದ ಜಾಗ ಬಗ್ಗುತ್ತಲೇ ಇರಲಿಲ್ಲ, ಒಳಗೆ ರಾಳ ಕಟ್ಟಿಕೊಂಡಿತ್ತು. ಪಂಪಿನ ಬದಿಯ ಒತ್ತಡ ಇಳಿಯಿತು, ಗೇಜು ಅದನ್ನಷ್ಟೇ ಕಂಡಿತು. ಬಿರಡೆಗೂ ಪ್ಯಾಕರಿನ ಕವಾಟಕ್ಕೂ ನಡುವೆ ಸೆರೆಸಿಕ್ಕ ಒತ್ತಡ ಹಾಗೆಯೇ ಉಳಿಯಿತು. ಪ್ಯಾಸ್ಕಲನ ನಿಯಮ ಹೇಳುವುದು ಎಡೆಬಿಡದ ಒಂದೇ ದ್ರವದ ಮಾತು. ನಡುವೆ ಬಿರಡೆ ಬಿದ್ದರೆ ಅವು ಎರಡು ಪಾತ್ರೆಗಳು. ನನ್ನ ಪಾಠದಲ್ಲಿ ಈ ಮಾತು ಎಂದೂ ಬಂದಿರಲಿಲ್ಲ.

ಅವನ ಎಡಗಣ್ಣು ಹೋದದ್ದೂ ಹೀಗೆಯೇ ಎಂದು ಆಗ ತಿಳಿಯಿತು. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ, ಇನ್ನೊಬ್ಬರ ಕೈಕೆಳಗೆ, ಗೇಜು ಸೊನ್ನೆ ತೋರಿಸುತ್ತಿದ್ದಾಗ. ಹರಿಯುವ ನೀರಿನಲ್ಲಿ ಹದಿನೈದು ನಿಮಿಷವಾದರೂ ತೊಳೆದು ಕೂಡಲೇ ಆಸ್ಪತ್ರೆಗೆ ಒಯ್ಯಬೇಕಿತ್ತು. ಅಲ್ಲಿದ್ದವರು ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಕೂರಿಸಿದರಂತೆ. ಇದನ್ನು ಹೇಳುವಾಗ ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಹುಡುಗ ಮಾತ್ರ ತಲೆತಗ್ಗಿಸಿ ಅಳುತ್ತಿದ್ದ. “ನಿಂದೇನೂ ತಪ್ಪಿಲ್ಲ, ನಾನು ಕರೆದೆ” ಎಂದೆ. ನನ್ನ ಹಳೆಯ ವಿದ್ಯಾರ್ಥಿ ಅಲ್ಲವೆನ್ನಲಿಲ್ಲ. ಅದಕ್ಕಾಗಿ ಅವನ ಮೇಲೆ ನನ್ನ ಗೌರವ ಹೆಚ್ಚಿತು.

ಸಂಜೆ ಯಂತ್ರವನ್ನು ಬಿಚ್ಚಿ ಶುಚಿಗೊಳಿಸುವುದನ್ನು ಹತ್ತಿರವೇ ಕುಳಿತು ನೋಡಿದೆ. ಉಳಿದ ರಾಳವನ್ನು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿದರು, ಶಾಖ ಕೂಡದಿರಲೆಂದು. ಪಂಪಿನಲ್ಲಿ ಅಸಿಟೋನ್ ಹಾಯಿಸಿ ತಿಳಿಯಾಗುವವರೆಗೆ ತೊಳೆದರು. ಪಕ್ಕದ ಮನೆಯಾತ ಬೀಡಿ ಹಚ್ಚಿ ನೋಡಲು ಬಂದಾಗ ಅಂಗಳದಾಚೆಗೇ ತಡೆದರು. ಕವಾಟದ ಗುಂಡು, ಜರಡಿ, ವಾಷರ್, ಹೋಸಿನ ಎರಡೂ ತುದಿ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಹೋಸಿನಲ್ಲಿ ಸೂಜಿರಂಧ್ರವಿದೆಯೇ ಎಂದು ಕೈಯಾಡಿಸಿ ನೋಡುವುದು ಮಾತ್ರ ಸಲ್ಲದು. ಆ ಒತ್ತಡದ ಎಳೆ ಚರ್ಮದೊಳಗೆ ಹೊಕ್ಕರೆ ಹೊರಗೆ ಮುಳ್ಳು ಚುಚ್ಚಿದಷ್ಟೇ ಕಾಣುತ್ತದೆ, ತಡಮಾಡಿದರೆ ಬೆರಳನ್ನೇ ಕತ್ತರಿಸಬೇಕಾದೀತು. ನನ್ನ ಕೈಗೆ ರಾಳ ಅಂಟಿತ್ತೆಂದು ಅಸಿಟೋನಿನತ್ತ ಚಾಚಿದಾಗ ಮತ್ತೆ ಗದರಿಸಿಕೊಂಡೆ. ಚರ್ಮಕ್ಕೆ ಸೋಪು ನೀರೇ ಸರಿ. ಹಾರ್ಡ್‌ನರ್ ಒಮ್ಮೆ ಮೈಗೆ ಒಗ್ಗದೆಹೋದರೆ ಆ ತುರಿಕೆ ಜೀವಮಾನವಿಡೀ ಬಿಡದಂತೆ.

ಕಟ್ಟಿಕೊಂಡ ಹೋಸನ್ನು ಯಾರೂ ಮತ್ತೆ ಬಳಸದಂತೆ ಮೂರು ತುಂಡು ಮಾಡಿದ. ಬಿಲ್ಲು ಕೊಡುವಾಗ ಕೂಲಿಯಲ್ಲಿ ರಿಯಾಯಿತಿ ಮಾಡಿದ್ದ, ಆದರೆ ‘ಹೋಸ್ ಪೈಪು, 1’ ಎಂಬ ಸಾಲನ್ನು ಬಿಟ್ಟಿರಲಿಲ್ಲ. ನಾನೂ ಮರುಮಾತಿಲ್ಲದೆ ಕೊಟ್ಟೆ.

ಉಳಿದ ಕೆಲಸಕ್ಕೆ ಅವರು ಹೊಸ ಹೋಸಿನೊಡನೆ ಮರುದಿನ ಬಂದರು. ಮಧ್ಯಾಹ್ನ ನಮ್ಮ ಮನೆಯವಳು ಬಾಳೆಲೆಗಳನ್ನು ಕೈಯಲ್ಲಿ ಹಿಡಿದು ವರಾಂಡಕ್ಕೆ ಬಂದು, “ಮಷೀನು ತೊಳೆದಾಯ್ತೇನಪ್ಪಾ?” ಎಂದು ಕೇಳಿದಳು. “ಇಲ್ಲಮ್ಮಾ, ಇನ್ನೂ ಇಪ್ಪತ್ತು ನಿಮಿಷ” ಎಂದ ಆ ಹುಡುಗ. ಅವಳು ಎಲೆಗಳನ್ನು ಒಳಗೆ ಒಯ್ದು, ಅನ್ನದ ಪಾತ್ರೆಗೆ ಮುಚ್ಚಳ ಮುಚ್ಚಿದಳು.