ಬದುವಿನ ಮೇಲೆ ಬೋರಲು

ಚಳಿಗಾಲ ಬಂತೆಂದರೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ದಂಡೆಯಲ್ಲಿ ಮೊಳದುದ್ದದ ಲೆನ್ಸುಗಳು ಕಾಣಿಸಿಕೊಳ್ಳುತ್ತವೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳ ಕೆರೆ ಅದು. 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಆ ಲೆನ್ಸಿನ ದುಡ್ಡಿಗೆ ನಮ್ಮ ಮುಳಗುಂದದಲ್ಲಿ ಜೋಡೆತ್ತು ಬಂದಾವು. ಕಿಸೆಯಲ್ಲಿ ಹಿಡಿಸುವ ಅಗ್ಗದ ಕಾಂಪ್ಯಾಕ್ಟ್ ಕ್ಯಾಮೆರಾದವನಿಗೆ ಆ ಬಾತು ಬರೀ ಚುಕ್ಕಿ. ಅವನು ಎರೆಹೊಲದ ಬದು ಹಿಡಿಯುವುದೇ ಮೇಲು.

ಕ್ಯಾಮೆರಾದ ಬೆನ್ನಿಗೊಂದು ಹೂವಿನ ಗುರುತಿರುತ್ತದೆ. ಅದನ್ನು ಒತ್ತಿದರೆ ಎರಡು-ಮೂರು ಬೆರಳಿನಷ್ಟು ಹತ್ತಿರದ್ದೂ ಸ್ಪಷ್ಟವಾಗುತ್ತದೆ. ಜೂಮ್ ಮಾತ್ರ ಎಳೆಯಬಾರದು. ಎಳೆದಷ್ಟೂ ಫೋಕಸ್ ಹಿಡಿಯುವ ಅಂತರ ದೂರ ಸರಿಯುತ್ತದೆ. ಹಾಗಾಗಿ ನಾವೇ ಮುಂದೆ ಹೋಗಬೇಕು, ಬಗ್ಗಬೇಕು, ಕೊನೆಗೆ ಬೋರಲು ಮಲಗಬೇಕು.

"ಏನ್ ಕಳಕೊಂಡೀಯೋ ತಮ್ಮಾ?" ಎತ್ತು ಹೊಡೆದುಕೊಂಡು ಹೊರಟ ಹಿರಿಯರು ಕೇಳಿದರು.

"ಹುಳದ ಫೋಟೋ ತಗಿಯಾಕ ಹತ್ತೇನ್ರಿ ಕಾಕಾ."

"ಹತ್ತಿ ತುಂಬ ಅದಾವ. ನಾಕ ಚೀಲ ತುಂಬ್ಕೊಂಡ ಹೋಗು!"

ಹತ್ತಿ ಎಲೆಯ ಹಿಂಬದಿಯಲ್ಲಿ ಅವರು ಅಂದದ್ದೆಲ್ಲ ಇತ್ತು: ಅಡ್ಡಡ್ಡ ನಡೆಯುವ ಜಿಗಿಹುಳ, ಹೇನು, ಹೇನಿನ ಸಿಹಿರಸಕ್ಕೆ ಕಾದು ನಿಂತ ಇರುವೆ. ನಡುವೆ ಕಪ್ಪು ಮೈಯ, ಕಿತ್ತಳೆ ಚುಕ್ಕೆಯ ಮರಿಯೊಂದು ಹೇನನ್ನು ಕಚ್ಚಿ ಹಿಡಿದಿತ್ತು. ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿ, ಇದು ಗುಲಗಂಜಿ ಹುಳದ ಮರಿ ಎಂದೆ. ತಾಯಿಯ ಗುಂಡು ಮೈ, ಕೆಂಪು ಬಣ್ಣ ಮರಿಗೆ ಇಲ್ಲವಾದ್ದರಿಂದ ಇದನ್ನೂ ಪೀಡೆಯೆಂದೇ ತಿಳಿದು ಎಣ್ಣೆ ಹೊಡೆಯುವುದುಂಟು. ಕಾಕಾ ಕಣ್ಣು ಕಿರಿದು ಮಾಡಿ ನೋಡಿದರು. "ಅಂದ್ರ ಇದು ನಮ್ಮ ಕಡೀದಾ?"

ದೊಡ್ಡ ಕ್ಯಾಮೆರಾದಲ್ಲಿ ಇಷ್ಟು ಹತ್ತಿರದಿಂದ ಹುಳದ ಕಣ್ಣು ಸ್ಪಷ್ಟವಾದರೆ ಕಾಲು ಮಸುಕು. ಅಗ್ಗದ್ದರ ಸೆನ್ಸರ್ ಚಿಕ್ಕದು, ಅದಕ್ಕೇ ಸ್ಪಷ್ಟತೆಯ ಆಳ ಹೆಚ್ಚು. ಈ ವಿಷಯ ಅಂಗಡಿಯವರು ಹೇಳುವುದಿಲ್ಲ, ಬಿಡಿ. ನಿಜವಾದ ತೊಂದರೆ ಗಾಳಿಯದು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ ಸೀಮೆ ಇದು. ಎಲೆ ಒಂದು ಗಳಿಗೆ ಸುಮ್ಮನಿರದು. ಇಬ್ಬನಿ ಆರುವ ಮೊದಲೇ ಹೋದರೆ ಗಾಳಿಯೂ ಇಲ್ಲ, ಚಳಿಗೆ ಮರಗಟ್ಟಿದ ಹುಳವೂ ಹಾರದು. ಜೋಳ ತುಂಬಿದ ಸಣ್ಣ ಚೀಲದ ಮೇಲೆ ಕ್ಯಾಮೆರಾ ಊರಿ, ಎರಡು ಸೆಕೆಂಡಿನ ಟೈಮರ್ ಇಟ್ಟರೆ ಬೆರಳಿನ ಅದುರೂ ತಪ್ಪುತ್ತದೆ. ಫ್ಲ್ಯಾಶ್ ಬೇಡ, ಬುತ್ತಿ ಡಬ್ಬಿಯ ಮುಚ್ಚಳದಿಂದ ಬಿಸಿಲು ತಿರುಗಿಸಿದರೆ ಸಾಕು.

ಮಿರಗದ ಮಳೆ ಬಿದ್ದ ಮರುದಿನ ಮಖಮಲ್ಲಿನಂಥ ಕೆಂಪು ಹುಳ ಮೇಲೆ ಬರುತ್ತದಲ್ಲ, ಎಂಟು ಕಾಲಿನ, ಜೇಡನ ಬಳಗದ್ದು, ಅದು ಕ್ಯಾಮೆರಾಕ್ಕೆ ಸತ್ವಪರೀಕ್ಷೆ. ಎರೆಮಣ್ಣಿನ ಕಪ್ಪನ್ನು ಕತ್ತಲೆಂದೇ ನಂಬಿ ಕ್ಯಾಮೆರಾ ಬೆಳಕು ಏರಿಸುತ್ತದೆ. ಮಣ್ಣು ಬೂದಿಯಾಗಿ, ಹುಳ ನಯವೆಲ್ಲ ಕಳೆದುಕೊಂಡು ಬರೀ ಕೆಂಪು ಕಲೆಯಾಗುತ್ತದೆ. ಎಕ್ಸ್‌ಪೋಷರನ್ನು ಮೈನಸ್ ಒಂದಕ್ಕೆ ಇಳಿಸಿದರೆ ಎರಡೂ ತಮ್ಮ ಬಣ್ಣಕ್ಕೆ ಮರಳುತ್ತವೆ.

ಬೇಸಿಗೆಯಲ್ಲಿ ಹೊಲ ಬರಿದು. ಆಗ ಊರೊಳಗೆ ಬನ್ನಿ. 1112ರಲ್ಲಿ 'ಧರ್ಮಾಮೃತ' ಬರೆದ ನಯಸೇನನ ಊರಾದ ನಮ್ಮ ಮುಳಗುಂದದಲ್ಲಿ ಶಾಸನಗಳಿಗೆ ಬರವಿಲ್ಲ. ಬೆಳಗಿನ ಓರೆ ಬಿಸಿಲಿಗೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಅಕ್ಷರದ ತಗ್ಗಿನಲ್ಲಿ ಜೇಡ ಕೂತಿದ್ದರೆ ಮೊದಲು ಅದರ ಫೋಟೋ ಆಗಲಿ. ಶಾಸನ ಎಲ್ಲಿಗೂ ಓಡುವುದಿಲ್ಲ.