‘ಹಠಾತ್ ಮರಣ’ದಲ್ಲೊಂದು ಸಂಜೆ

ಯುವ ಮಿತ್ರರೇ, ಓದಿಗೋ ಕಂಪನಿಯ ಕೆಲಸಕ್ಕೋ ನಿಮ್ಮಲ್ಲಿ ಯಾರಾದರೂ ಬ್ರಸೆಲ್ಸಿಗೆ ಹೋದರೆ, ಒಂದು ಸಂಜೆಯನ್ನು ‘ಆ ಲಾ ಮೋರ್ ಸ್ಯುಬಿಟ್’ ಎಂಬ ಬಿಯರ್ ಅಂಗಡಿಗೆ ಮೀಸಲಿಡಿ. ಹೆಸರಿನ ಅರ್ಥ ‘ಹಠಾತ್ ಮರಣ’! ಗಾಬರಿ ಬೇಡ. ಹಿಂದೆ ಬ್ಯಾಂಕಿನ ಗುಮಾಸ್ತರು ಊಟದ ಬಿಡುವಿನಲ್ಲಿ ವೊಸೆನ್ ಎಂಬವರ ಅಂಗಡಿಗೆ ಬಂದು ದಾಳದಾಟ ಆಡುತ್ತಿದ್ದರಂತೆ. ಆಫೀಸಿನ ಹೊತ್ತಾದರೆ ಕೊನೆಯ ಆಟವನ್ನು ಚುಟುಕಾಗಿ ಮುಗಿಸುವುದು. ಸೋತವನಿಗೆ ‘ಹಠಾತ್ ಮರಣ’. 1928ರಲ್ಲಿ ಈಗಿನ ಜಾಗಕ್ಕೆ ಬಂದಾಗ ವೊಸೆನ್ ಅಂಗಡಿಗೆ ಅದೇ ಹೆಸರಿಟ್ಟರು. ಗಡಿಯಾರ ನೋಡುತ್ತಾ ಉಣ್ಣುವ ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಎತ್ತರದ ಛಾವಣಿ, ಗೋಡೆಗೆ ದೊಡ್ಡ ಕನ್ನಡಿಗಳು, ಸಾಲು ಮೇಜುಗಳು, ಕಿವಿ ತುಂಬುವ ಗಲಗಲ. ನಮ್ಮ ಇರಾನಿ ಹೋಟೆಲು ನೆನಪಾದೀತು.

ಕುಡಿಯುವವರು ಕೇಳಬೇಕಾದದ್ದು ‘ಗೂಜ್’. ಇದರ ಮೂಲವಾದ ‘ಲಾಂಬಿಕ್’ ಬಿಯರಿಗೆ ಯೀಸ್ಟ್ ಹಾಕುವುದಿಲ್ಲ. ಕುದಿಸಿದ ರಸವನ್ನು ಚಳಿಗಾಲದ ರಾತ್ರಿ ಅಗಲವಾದ ತೆರೆದ ತೊಟ್ಟಿಯಲ್ಲಿ ಆರಲು ಬಿಡುತ್ತಾರೆ. ಉಳಿದದ್ದನ್ನು ಗಾಳಿಯ, ಪೀಪಾಯಿಯ ಸೂಕ್ಷ್ಮಜೀವಿಗಳೇ ನೋಡಿಕೊಳ್ಳುತ್ತವೆ. ಅಮ್ಮ ರಾತ್ರಿ ಮುಚ್ಚಿಟ್ಟ ದೋಸೆ ಹಿಟ್ಟು ಯೀಸ್ಟಿಲ್ಲದೆಯೇ ಉಬ್ಬುವುದಿಲ್ಲವೆ, ಹಾಗೆ. ಎಳೆಯ ಲಾಂಬಿಕ್ಕನ್ನೂ ಎರಡು ಮೂರು ವರ್ಷದ ಹಳೆಯದನ್ನೂ ಬೆರೆಸಿ ಬಾಟಲಿಗೆ ತುಂಬಿದರೆ ಅದು ಮತ್ತೆ ಹುದುಗಿ ನೊರೆಗಟ್ಟುತ್ತದೆ, ಅದೇ ಗೂಜ್. ಹುಳಿ ಚೆರ್ರಿ ಹಾಕಿದರೆ ‘ಕ್ರೀಕ್’. ಸಿಹಿ ಬೆರೆಸಿದ ಬಗೆಗಳೂ ಇವೆ. ನನ್ನ ಮತ ಹುಳಿಗೇ.

ಜೊತೆಗೆ ‘ತಾರ್ತಿನ್’ ತರಿಸಿಕೊಳ್ಳಿ: ಬ್ರೆಡ್ಡಿನ ಮೇಲೆ ಮೆತ್ತನೆಯ ಬಿಳಿ ಚೀಸು, ಮೇಲೆ ಮೂಲಂಗಿ, ಈರುಳ್ಳಿ. ಸಸ್ಯಾಹಾರಿಗಳು ‘ಕಿಪ್-ಕಾಪ್’ ಕೇಳಬೇಡಿ, ಅದು ಹಂದಿಯ ತಲೆಮಾಂಸ. ಆದರೆ ಆ ಪದವನ್ನು ಗಮನಿಸಿ. ಬ್ರಸೆಲ್ಸ್ ಮೊದಲು ಡಚ್ಚಿಗೆ ಹತ್ತಿರದ ಆಡುಮಾತಿನ ಊರು. 19ನೆಯ ಶತಮಾನದಿಂದ ಓದು, ನೌಕರಿ, ಅಂತಸ್ತು ಎಲ್ಲಕ್ಕೂ ಫ್ರೆಂಚ್ ಬೇಕಾಯಿತು. ತಲೆಮಾರಿನಿಂದ ತಲೆಮಾರಿಗೆ ಮನೆಮಾತು ಸವೆಯಿತು. ಇಂದು ರಸ್ತೆಯ ಫಲಕಗಳಲ್ಲಿ ಎರಡು ಭಾಷೆಗಳಿವೆ, ಹಳೆಯ ಆಡುಮಾತು ಮಾತ್ರ ವಿರಳ. ಆದರೂ ಫ್ರೆಂಚ್ ಮಾತಾಡುವವರು ಇಲ್ಲಿ ಕೇಳುವುದು ಕಿಪ್-ಕಾಪನ್ನೇ, ಕ್ರೀಕನ್ನೇ. ನಿಮ್ಮ ಮನೆಯ ಮಾತು ಹಿಂದಿಗೋ ಮರಾಠಿಗೋ ಇಂಗ್ಲಿಷಿಗೋ ತಿರುಗಿದ್ದರೂ ಗೊಜ್ಜು, ತೊವ್ವೆ, ಒಗ್ಗರಣೆ ಬದಲಾಗಿಲ್ಲ ತಾನೆ? ಅಡುಗೆಮನೆಯಾಚೆ ಎಷ್ಟು ಪದ ಉಳಿದಿವೆ, ಎಣಿಸಿ ನೋಡಿ.

ಅಲ್ಲಿಯವರು ತಟ್ಟೆಯಲ್ಲುಳಿದ ಪದಗಳಿಗೇ ತೃಪ್ತರಾಗಿಲ್ಲ. ಕೆಲವೇ ನಿಮಿಷ ನಡೆದರೆ ‘ತೂನ್’ ಬೊಂಬೆಯಾಟದ ಮನೆ. 1830ರಿಂದ ನಡೆದುಬಂದ ಪರಂಪರೆ. ಫ್ರೆಂಚಿಗೆ ಆ ಆಡುಮಾತನ್ನು ಕಲಸಿ, ಶೇಕ್ಸ್‌ಪಿಯರನನ್ನೂ ಬಿಡದೆ ಆಡಿಸುತ್ತಾರೆ. ಅದಕ್ಕೂ ಸ್ವಂತ ಬಿಯರ್ ಅಂಗಡಿ ಇದೆ. ಎರಡನೆಯ ಸಂಜೆ ಅಲ್ಲಿಗೆ ಹೋಗಿ.