ಊರಿನಲ್ಲಿ ಕಳೆದ ದಿನಗಳ ಲೆಕ್ಕ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ನಮ್ಮವರ ಮನೆಗಳಲ್ಲಿ ಗಲ್ಫಿನಿಂದ ಬಂದ ಒಂದಾದರೂ ವಸ್ತು ಕಣ್ಣಿಗೆ ಬೀಳುತ್ತದೆ. ಹೂವಿನ ಕಂಬಳಿ, ಚಹಾದ ಫ್ಲಾಸ್ಕ್, ಕೆಟ್ಟರೂ ಎಸೆಯದ ಟೇಪ್ ರೆಕಾರ್ಡರ್. ಮಂಗಳೂರಿನಿಂದ ಗಲ್ಫಿಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕೂ ಮೊದಲು ಇಂಥವು ಮುಂಬಯಿಯ ಕಸ್ಟಮ್ಸ್ ದಾಟಿ ಬಸ್ಸಿನ ಟಾಪಿನಲ್ಲಿ ಕೂತು ಬರುತ್ತಿದ್ದವು. ರಜೆಗೆ ಬಂದವನ ಪೆಟ್ಟಿಗೆಯ ಕತೆ ಎಲ್ಲರಿಗೂ ಗೊತ್ತು. ಗಂಟುಮೂಟೆ ಕಟ್ಟಿ ಊರಿಗೇ ಮರಳುವವನ ಕತೆ ಬೇರೆ.

ಸೌದಿ ಸರಕಾರ 2017ರ ಜುಲೈಯಿಂದ ಪರದೇಶಿ ನೌಕರರ ಹೆಂಡತಿ ಮಕ್ಕಳ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ವರ್ಷವರ್ಷವೂ 100ರಂತೆ ಏರಿ 2020ರಲ್ಲಿ ಅದು 400 ಆಯಿತು. ನಮ್ಮ ಕಡೆಯ ಎಷ್ಟೋ ಸಂಸಾರಗಳು ಮರಳಿದವು. ದಮ್ಮಾಮಿನಲ್ಲಿ 22 ವರ್ಷ ದುಡಿದಿದ್ದ, ಮೂಡುಬಿದಿರೆಯ ನನ್ನ ಖಾಲಾನ ಮಗ ಭಾಯಿಜಾನ್ ಕೂಡ 2019ರಲ್ಲಿ ಪಾತ್ರೆ, ಮಂಚ, ಸೋಫಾ, ವಾಷಿಂಗ್ ಮೆಷಿನ್ ಎಲ್ಲ ಕಟ್ಟಿ ಹೊರಟರು.

ಆಗ ಜಾರಿಯಲ್ಲಿದ್ದುದು 2016ರ ಬ್ಯಾಗೇಜ್ ನಿಯಮಗಳು. ಎರಡು ವರ್ಷ ಹೊರಗಿದ್ದು ಮರಳಿದವನಿಗೆ 5 ಲಕ್ಷ ರೂಪಾಯಿಯವರೆಗಿನ ಮನೆಸಾಮಾನಿಗೆ ಸುಂಕವಿಲ್ಲ. ಒಂದು ವರ್ಷವಾದರೆ 2 ಲಕ್ಷ. ಆದರೆ 5 ಲಕ್ಷದ ರಿಯಾಯಿತಿಗೆ ಒಂದು ಷರತ್ತಿತ್ತು. ಆ ಎರಡು ವರ್ಷಗಳಲ್ಲಿ ಊರಿಗೆ ಬಂದುಹೋದ ದಿನಗಳು ಒಟ್ಟು ಆರು ತಿಂಗಳು ಮೀರಬಾರದು. ಮನೆಯಿಂದ ದೂರವಿದ್ದಷ್ಟೂ ರಿಯಾಯಿತಿ ಹೆಚ್ಚು.

ಭಾಯಿಜಾನ್ ಅವರದು ಏಳು ತಿಂಗಳಾಗಿತ್ತು. ಖಾಲಾ ಹಾಸಿಗೆ ಹಿಡಿದಾಗ ಎರಡು ಬಾರಿ ಬಂದಿದ್ದರು. ಎರಡನೆಯ ಸಲ ದಫನ್ ಮುಗಿಸಿಯೇ ಹೋದದ್ದು. ಪಾಸ್‌ಪೋರ್ಟಿನ ಮುದ್ರೆಗಳನ್ನು ಎಣಿಸಿದ ಅಧಿಕಾರಿ 2 ಲಕ್ಷ ಮೀರಿದ್ದಕ್ಕೆ ಶೇ. 38.5 ಸುಂಕ ಎಂದರು. ವಿಶೇಷ ಕಾರಣವಿದ್ದರೆ ಹೆಚ್ಚಿನ ದಿನಗಳನ್ನು ಮನ್ನಿಸುವ ಅಧಿಕಾರ ಕಮಿಷನರಿಗೆ ಇತ್ತು. "ಅರ್ಜಿ ಕೊಡಿ" ಎಂದೆ.

"ವಾಷಿಂಗ್ ಮೆಷಿನಿಗಾಗಿ ಅಮ್ಮಿಯ ಮೌತ್ ಬರೆದುಕೊಡಲಾ?" ಎಂದರು. ಸುಂಕ ಕಟ್ಟಿಬಿಟ್ಟರು.

ಕಾನೂನು ಬದಲಾಗದ್ದೇನಲ್ಲ. ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದ ಹೆಂಗಸು 40 ಗ್ರಾಂ ಒಡವೆ ತರಬಹುದು, ಆದರೆ ಬೆಲೆ 1 ಲಕ್ಷ ಮೀರಬಾರದು ಎಂದು 2016ರ ನಿಯಮವಿತ್ತು. 2025ರಲ್ಲಿ 10 ಗ್ರಾಂ ಚಿನ್ನವೇ ಲಕ್ಷ ದಾಟಿತು, 40 ಗ್ರಾಂ ಎಂಬುದು ಬರೀ ಮಾತಾಯಿತು. 2026ರ ಹೊಸ ನಿಯಮಗಳು ಬೆಲೆಯ ಮಿತಿ ತೆಗೆದು ತೂಕವನ್ನಷ್ಟೇ ಉಳಿಸಿದವು.

ಚಿನ್ನದ ಬೆಲೆ ಸರಕಾರಕ್ಕೆ ತಾನಾಗಿಯೇ ತಿಳಿಯುತ್ತದೆ. ಮಗ ಏಳು ತಿಂಗಳು ಊರಿನಲ್ಲಿ ಯಾಕಿದ್ದ ಎಂಬುದು ನಾವು ಬರೆದುಕೊಡದೆ ತಿಳಿಯುವುದಿಲ್ಲ. ಭಾಯಿಜಾನರ ಮಾತು ನನಗೆ ಅರ್ಥವಾಗುತ್ತದೆ. ಆದರೂ ಮರಳಿ ಬರುವವರಿಗೆ ನಾನು ಹೇಳುವುದು ಇಷ್ಟೇ: ಸಾಮಾನು ಕಟ್ಟುವ ಮೊದಲು ದಿನಗಳನ್ನು ಎಣಿಸಿಕೊಳ್ಳಿ. ಮಿತಿ ಮೀರಿದ್ದರೆ ಸಂಕೋಚ ಬಿಟ್ಟು ಅರ್ಜಿ ಬರೆಯಿರಿ. ತಾಯಿಯ ಹಾಸಿಗೆಯ ಪಕ್ಕ ಕೂತ ದಿನಗಳು ವಿಶೇಷ ಕಾರಣವಲ್ಲದಿದ್ದರೆ ಇನ್ನಾವುದು?